ತಿಜೋರಿ ಹಿಂದೆ ಹೋಗಿ ನಿಲ್ಲುತ್ತಾನೆ, ಪಾಟಿ ಮೇಲೆ ಮಾತ್ರ ಕೂಡ್ರಲ್ಲ

ಉಣಕಲ್_ಅವ್ವ · ಏಪ್ರಿಲ್, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಬರೆಯದೆ ಇರೋಕೆ ಆಗಲಿಲ್ಲ.

ಮಗನಿಗೆ 2 ವರ್ಷ 10 ತಿಂಗಳು. ಒಂದಕ್ಕೆ ಬಂದರೆ ಹೇಳುತ್ತಾನೆ, ಬಚ್ಚಲಿಗೆ ಓಡುತ್ತಾನೆ, ಚಡ್ಡಿ ತಾನೇ ಕೆಳಗೆ ಎಳೆದುಕೊಳ್ಳುತ್ತಾನೆ. ಅದು ರೂಢಿಯಾಗಿ ಎರಡು ತಿಂಗಳಾಯಿತು. ತೊಂದರೆ ಇರುವುದು ಎರಡಕ್ಕೆ. ಅದಕ್ಕೆ ಡೈಪರ್ ಬೇಕೇ ಬೇಕು. ಹಾಕದಿದ್ದರೆ ತಡೆದು ಇಟ್ಟುಕೊಳ್ಳುತ್ತಾನೆ, ಎರಡು ದಿನ, ಮೂರು ದಿನ, ಹೋದ ವಾರ ನಾಲ್ಕು ದಿನ ಆಯಿತು. ಡೈಪರ್ ಹಾಕಿದ್ದೇ ತಡ, ತಿಜೋರಿ ಮತ್ತು ಗೋಡೆ ನಡುವೆ ಒಂದು ಸಂದಿ ಇದೆ, ಅಲ್ಲಿಗೆ ಹೋಗಿ ತಿಜೋರಿಯ ಹಿಡಿಕೆ ಹಿಡಿದು ನಿಲ್ಲುತ್ತಾನೆ. ಕಾಲು ಕತ್ತರಿ ಮಾಡಿಕೊಂಡು, ಹಿಮ್ಮಡಿ ಎತ್ತಿ, ಮುಖ ಕೆಂಪಗೆ. ನಾವು ಆ ಕಡೆ ತಿರುಗಿದರೆ "ನೋಡಬ್ಯಾಡ, ನೀ ಹೊರಗ ಹೋಗು" ಅಂತ ಕೂಗುತ್ತಾನೆ.

ದುರ್ಗದ ಬೈಲಿನಿಂದ ಬಾತುಕೋಳಿ ಆಕಾರದ ಪಾಟಿ ತಂದೆವು. ಅದರಲ್ಲಿ ತನ್ನ ಆಟದ ಬಸ್ಸುಗಳನ್ನು ನಿಲ್ಲಿಸಿದ್ದಾನೆ, ಅದು ಈಗ ಚಿಗರಿ (ನಮ್ಮ ಹುಬ್ಬಳ್ಳಿ-ಧಾರವಾಡದ ಬಸ್ಸು) ಡಿಪೋ. ನಮ್ಮ ಅತ್ತಿಯವರು ಹಾವೇರಿ ಕಡೆಯವರು, ಅವರಿಗೆ ಪಾಟಿ ಅಂದರೆ ಸ್ಲೇಟು. ನಾನು ಗಂಡನ ಹತ್ತಿರ "ಪಾಟಿ ಟ್ರೇನಿಂಗ್ ಶುರು ಮಾಡೋಣ" ಅಂದಿದ್ದು ಕೇಳಿ "ಇಷ್ಟ ಸಣ್ಣ ಕೂಸಿಗೆ ಈಗಿಂದನ ಪಾಟಿ-ಬಳಪ ಯಾಕವಾ" ಅಂದರು. ನಕ್ಕೂ ನಕ್ಕೂ ಸಾಕಾಯಿತು. ಆದರೆ ವಿಷಯ ಗೊತ್ತಾದ ಮೇಲೆ ಅವರದ್ದೂ ಒಂದೇ ಮಾತು, "ನಾ ನಾಕ ಮಕ್ಕಳನ್ನ ವರ್ಷ ತುಂಬೂದ್ರೊಳಗ ರೂಢಿ ಮಾಡಿಸೀನಿ."

ಜೂನ್‌ಗೆ ಪ್ಲೇಹೋಮ್ ಸೇರಿಸಬೇಕು, ಅಲ್ಲಿಯವರು ಡೈಪರ್ ಬಿಟ್ಟಿರಲೇಬೇಕು ಅಂದಿದ್ದಾರೆ. ಆ ಟೆನ್ಷನ್‌ನಲ್ಲಿ ಭಾನುವಾರ ಅರ್ಧ ಗಂಟೆ ಒತ್ತಾಯ ಮಾಡಿ ಕೂಡ್ರಿಸಿದೆ. ಎದ್ದು ಓಡಿದ. ಒಂದು ಏಟು ಕೊಟ್ಟುಬಿಟ್ಟೆ. ಅತ್ತು ಅತ್ತು ಹಾಗೇ ಮಲಗಿದ. ಆಮೇಲೆ ನಾನೂ ಅತ್ತೆ. ಹಟಮಾರಿ ಅಂತಾರೆ ನಮ್ಮನೆಯವರು. ನಿಜವಾಗಿಯೂ ಹಟಾನಾ ಇದು?

ಬ್ಯಾಡಗಿ_ಖಾರ

ಹಟ ಅಲ್ಲದೆ ಇನ್ನೇನು. ಮನೆಯಲ್ಲಿರುವ ಡೈಪರ್ ಎಲ್ಲ ಎತ್ತಿ ಯಾರಿಗಾದರೂ ಕೊಟ್ಟುಬಿಡಿ. ಎಷ್ಟು ದಿನ ತಡೀತಾನೆ? ಹೊಟ್ಟೆ ನುಲಿದಾಗ ತಾನೇ ಬಂದು ಕೂಡ್ರುತ್ತಾನೆ. ನನ್ನ ಮಗಳಿಗೆ ನಾನು ಮೂರೇ ದಿನದಲ್ಲಿ ಮುಗಿಸಿದೆ, ಮನೆ ತುಂಬ ಒದ್ದೆ ಆಯಿತು, ಆದರೆ ಮುಗೀತು. ನೀವು ಮೆತ್ತಗಾದಷ್ಟು ಅವು ತಲೆ ಮೇಲೆ ಕೂಡ್ರುತ್ತವೆ, ಪಾಟಿ ಮೇಲಲ್ಲ.

ಗದಗಿನ_ಕಾಕು

ತಂಗಿ, ಮೊದಲು ಅಳೋದು ಬಿಡು. ಒಂದು ಏಟಿಗೆ ಕೂಸು ನಿನ್ನನ್ನು ಬಿಟ್ಟು ಹೋಗುವುದಿಲ್ಲ. ಎರಡನೆಯದು ಕೊಡಬೇಡ ಅಷ್ಟೇ.

ನಿಮ್ಮ ಅತ್ತಿ ಹೇಳಿದ್ದು ಸುಳ್ಳಲ್ಲ. ನಾವೂ ಹಾಗೇ ಮಾಡಿದ್ದು. ಕೂಸಿಗೆ ಕುತ್ತಿಗೆ ನಿಂತ ಮೇಲೆ ಬೆಳಗ್ಗೆ ಎದ್ದ ಕೂಡಲೇ ಹಿತ್ತಲಲ್ಲಿ ನಾವು ಕಾಲು ಚಾಚಿ ಕೂತು, ಎರಡು ಪಾದದ ಮೇಲೆ ಕೂಸನ್ನು ಕೂಡ್ರಿಸಿಕೊಂಡು ಬಾಯಲ್ಲಿ ಸ್ಸ್ ಸ್ಸ್ ಅನ್ನುತ್ತಿದ್ದೆವು. ಬೆನ್ನಿಗೆ ನಮ್ಮ ಮೊಳಕಾಲಿನ ಆಸರೆ, ಎದುರಿಗೆ ನಮ್ಮ ಮುಖ. ಕೂಸಿಗೆ ಹೆದರಿಕೆ ಎಲ್ಲಿಂದ ಬರಬೇಕು? ಆದರೆ ಆಗಿನ ಕಾಲವೇ ಬೇರೆ. ಮನೆಯಲ್ಲಿ ನಾಲ್ಕು ಹೆಂಗಸರು, ಹೆಂಡಿಯಿಂದ ಸಾರಿಸಿದ ನೆಲ, ಎಲ್ಲಿ ಒದ್ದೆ ಮಾಡಿದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಈಗ ನೀನು ಒಬ್ಬಳೇ, ಟೈಲ್ಸ್ ನೆಲ, ಮೇಲೆ ಬಾಡಿಗೆ ಮನೆ. ಅದನ್ನು ಇದಕ್ಕೆ ಹೋಲಿಸಬೇಡ. ಇನ್ನೊಂದು ಗುಟ್ಟು ಹೇಳ್ತೀನಿ, ನಾವು ಮಕ್ಕಳಿಗೆ ರೂಢಿ ಮಾಡಿಸಿದ್ದಕ್ಕಿಂತ ಕೂಸು ಯಾವಾಗ ಹೋಗುತ್ತದೆ ಅನ್ನೋದು ನಮಗೇ ರೂಢಿಯಾಗಿರುತ್ತಿತ್ತು.

ನನ್ನದು ಒಂದೇ ಪ್ರಶ್ನೆ. ಡೈಪರ್ ಬಿಚ್ಚಿದಾಗ ಕಾಣೋದು ಗಟ್ಟಿ ಇರುತ್ತದೋ, ಮೆತ್ತಗೋ? ನಾಚಿಕೆ ಬಿಟ್ಟು ಹೇಳು.

ಉಣಕಲ್_ಅವ್ವ

ಕಾಕೂ, ನಾಚಿಕೆ ಹೆರಿಗೆ ದಿನವೇ ಹೋಯಿತು 😅 ಗಟ್ಟಿ. ಮೊದಲು ಆಡಿನ ಹಿಕ್ಕೆ ಥರ ಉಂಡೆ ಉಂಡೆ, ಆಮೇಲೆ ಬರೋದು ಮಾತ್ರ ದಪ್ಪ, ದೊಡ್ಡವರದ್ದಕ್ಕಿಂತ ದಪ್ಪ ಅಂದರೂ ತಪ್ಪಲ್ಲ. ಫೆಬ್ರವರಿಯಲ್ಲಿ ಜ್ವರ ಬಂದು ಒಂದು ವಾರ ಏನೂ ತಿಂದಿರಲಿಲ್ಲ, ಅದಾದ ಮೇಲೆ ಒಂದು ದಿನ ಬಹಳ ತ್ರಾಸು ಪಟ್ಟು ಹೋದ, ಎಳೆ ಎಳೆಯಾಗಿ ರಕ್ತ ಇತ್ತು. ಬರೆಯುವಾಗ ಈಗ ಹೊಳೆಯುತ್ತಿದೆ, ತಿಜೋರಿ ಹಿಂದೆ ನಿಲ್ಲೋದು ಶುರುವಾದದ್ದು ಅದರ ನಂತರವೇ.

ಇನ್ನೊಂದು ವಿಚಿತ್ರ. ನಡುನಡುವೆ ಚಡ್ಡಿಗೆ ತೆಳ್ಳಗೆ ಅಂಟಿರುತ್ತದೆ, ಕೇಳಿದರೆ "ನಾ ಮಾಡಿಲ್ಲ" ಅಂತಾನೆ. ನಾನು ಭೇದಿ ಅಂದುಕೊಂಡು ಎರಡು ದಿನ ಬರೀ ಮೊಸರನ್ನ ಕೊಟ್ಟೆ. ಹಾಲು ದಿನಕ್ಕೆ ನಾಲ್ಕು ಬಾಟಲಿ, ಜೊತೆಗೆ ಬಿಸ್ಕತ್ತು. ರೊಟ್ಟಿ ಪಲ್ಯ ಮುಟ್ಟಲ್ಲ.

ನೈಟ್_ಡ್ಯೂಟಿ

ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ವಾರ್ಡಿನಲ್ಲಿ ನರ್ಸ್. ಡಾಕ್ಟರ್ ಅಲ್ಲ, ಅದನ್ನು ತಲೆಯಲ್ಲಿಟ್ಟುಕೊಂಡು ಓದಿ. ಆದರೆ ಕಾಕು ಕೇಳಿದ ಪ್ರಶ್ನೆಗೆ ನೂರಕ್ಕೆ ನೂರು ಅಂಕ.

ಅಕ್ಕಾ, ನಿಮ್ಮ ಮಗನ ಮುಖ್ಯ ತೊಂದರೆ ಪಾಟಿ ಅಲ್ಲ, ಮಲಬದ್ಧತೆ. ಒಂದು ಸಲ ಗಟ್ಟಿಯಾಗಿ ಹೋಗಿ ಸೀಳಿ ನೋವಾಗಿದೆ. ಅವನ ಲೆಕ್ಕ ಸರಳ, ಹೋದರೆ ನೋವು, ಹೋಗದಿದ್ದರೆ ನೋವಿಲ್ಲ. ಅದಕ್ಕೇ ತಡೆಯುತ್ತಾನೆ. ಕಾಲು ಕತ್ತರಿ ಮಾಡಿ ಹಿಮ್ಮಡಿ ಎತ್ತೋದನ್ನ ನಾವು ಮುಕ್ಕುತ್ತಿದ್ದಾನೆ ಅಂದುಕೊಳ್ಳುತ್ತೇವೆ. ಹಾಗಲ್ಲ, ಆಗ ಅವನು ಬಿಗಿ ಹಿಡಿಯುತ್ತಿರುತ್ತಾನೆ. ತಡೆದಷ್ಟು ಹೊತ್ತು ಒಳಗೆ ನೀರಿನ ಅಂಶ ಹೀರಿಕೊಂಡು ಇನ್ನೂ ಗಟ್ಟಿ, ಇನ್ನೂ ದಪ್ಪ. ಮುಂದಿನ ಸಲ ಇನ್ನೂ ನೋವು. ಮತ್ತೆ ತಡೆಯುತ್ತಾನೆ. ಹೀಗೇ ಸುತ್ತುತ್ತಾ ಹೋಗುತ್ತದೆ.

ಇದು ವಾರಗಟ್ಟಲೆ ನಡೆದರೆ ಕೊನೆಯಲ್ಲಿ ಮಲ ಬಂದು ಕೂಡುವ ಭಾಗ ಹಿಗ್ಗಿಬಿಡುತ್ತದೆ, ಹಳೇ ಚಡ್ಡಿಯ ಇಲಾಸ್ಟಿಕ್ ಸಡಿಲಾದ ಹಾಗೆ. ಆಗ ತುಂಬಿದೆ ಅನ್ನೋದು ಮಗುವಿಗೆ ಸರಿಯಾಗಿ ಗೊತ್ತೇ ಆಗುವುದಿಲ್ಲ. ಗಟ್ಟಿ ಉಂಡೆಯ ಪಕ್ಕದಿಂದ ತೆಳ್ಳಗಿರೋದು ಜಾರಿ ಚಡ್ಡಿಗೆ ಅಂಟುತ್ತದೆ. ನೀವು ಭೇದಿ ಅಂದುಕೊಂಡದ್ದು ಬಹುಶಃ ಅದೇ. ಅವನು "ನಾ ಮಾಡಿಲ್ಲ" ಅಂದದ್ದು ನಿಜ, ಅದು ಅವನ ಕೈಯಲ್ಲೇ ಇಲ್ಲ.

ಆದ್ದರಿಂದ ಪಾಟಿ ವಿಷಯ ಪೂರ್ತಿ ಬದಿಗಿಡಿ, ಡೈಪರ್ ಕೇಳಿದರೆ ಕೊಡಿ, ಮುಖ ಸಿಂಡರಿಸದೆ ಕೊಡಿ. ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ. ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಅಥವಾ ಲ್ಯಾಕ್ಟುಲೋಸ್ ಸಿರಪ್ ಬರೆದುಕೊಡುತ್ತಾರೆ. ಎರಡೂ ಮಲದಲ್ಲಿ ನೀರು ಹಿಡಿದಿಟ್ಟು ಮೆತ್ತಗೆ ಮಾಡುವಂಥವು. ಪ್ರಮಾಣ ತೂಕ ನೋಡಿ ಅವರೇ ಹೇಳಬೇಕು, ಪಕ್ಕದ ಮನೆ ಮಗುವಿನ ಬಾಟಲಿ ತಂದು ಹಾಕಬೇಡಿ. ಎಲ್ಲರೂ ಮಾಡೋ ತಪ್ಪು ಅಂದರೆ ನಾಲ್ಕು ದಿನ ಚೆನ್ನಾಗಿ ಹೋದ ಕೂಡಲೇ ನಿಲ್ಲಿಸೋದು. ಹಿಗ್ಗಿದ್ದು ಮತ್ತೆ ಬಿಗಿಯಾಗೋಕೆ ತಿಂಗಳುಗಳೇ ಬೇಕು, ಡಾಕ್ಟರ್ ಹೇಳೋವರೆಗೆ ಬಿಡಬೇಡಿ. ರೂಢಿ ಬಿದ್ದುಬಿಡುತ್ತದೆ ಅಂತ ಹಿರಿಯರು ಹೆದರಿಸುತ್ತಾರೆ. ಈ ಔಷಧಿಗಳಿಗೆ ಹಾಗಾಗಲ್ಲ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀನಿ. ವೀಳ್ಯದೆಲೆ ತೊಟ್ಟಿಗೆ ಔಡಲೆಣ್ಣೆ ಹಚ್ಚಿ ಹಿಂದೆ ಇಡೋದು, ಸೋಪಿನ ಚೂರು ಇಡೋದು, ಎರಡನ್ನೂ ಮಾಡಬೇಡಿ. ಸೋಪು ಒಳಗೆ ಉರಿ ಮಾಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೆದರಿದ ಮಗುವನ್ನು ಇಬ್ಬರು ಹಿಡಿದು ಅಲ್ಲೇ ಕೈ ಹಾಕಿದರೆ ಆ ಹೆದರಿಕೆ ಹೋಗೋಕೆ ವರ್ಷ ಹಿಡಿಯುತ್ತದೆ.

ಹುಟ್ಟಿದಾಗಿನಿಂದಲೂ ಹೀಗೇ ಇದ್ದರೆ, ಹೊಟ್ಟೆ ಉಬ್ಬಿ ವಾಂತಿ ಆದರೆ, ತೂಕ ಏರದಿದ್ದರೆ, ರಕ್ತ ಮತ್ತೆ ಮತ್ತೆ ಕಂಡರೆ ಕಾಯಬೇಡಿ, ಕೂಡಲೇ ತೋರಿಸಿ.

ಬ್ಯಾಡಗಿಯವರೇ, "ಎಷ್ಟು ದಿನ ತಡೀತಾನೆ" ಅಂದಿರಲ್ಲ. ಎರಡು ವಾರ ತಡೆದು ಹೊಟ್ಟೆ ಕಲ್ಲಿನ ಹಾಗಾಗಿ ಅಡ್ಮಿಟ್ ಆದ ಮಗುವನ್ನು ನಾನೇ ನೋಡಿದ್ದೇನೆ. ದಯವಿಟ್ಟು.

ಬ್ಯಾಡಗಿ_ಖಾರ

ನನ್ನ ಮಗಳಿಗೆ ಮಲಬದ್ಧತೆ ಇರಲಿಲ್ಲ, ಅದಕ್ಕೆ ಹಾಗೆ ಹೇಳಿದೆ. ಎಲ್ಲರ ಮಕ್ಕಳೂ ಒಂದೇ ಥರ ಇರಲ್ಲ, ಸರಿ, ಒಪ್ಪಿದೆ. ಆದರೆ ಈಗಿನವರು ಎಲ್ಲದಕ್ಕೂ ಡಾಕ್ಟರ್ ಅಂತಾರೆ ಅನ್ನೋದನ್ನ ಮಾತ್ರ ವಾಪಸ್ ತಗೊಳ್ಳಲ್ಲ.

ಗದಗಿನ_ಕಾಕು

ಹಾಲು ನಾಲ್ಕು ಬಾಟಲಿ ಅಂದಾಗಲೇ ನನಗೆ ಗೊತ್ತಾಯಿತು. ಹಾಲು ಕುಡಿದು ಹೊಟ್ಟೆ ತುಂಬಿಸಿಕೊಂಡ ಕೂಸು ರೊಟ್ಟಿ ಯಾಕೆ ಮುಟ್ಟುತ್ತದೆ? ಬಿಸ್ಕತ್ತು ಬರೀ ಮೈದಾ, ಅದನ್ನು ಮೊದಲು ಡಬ್ಬಿಯಿಂದ ತೆಗೆ. ಬಿಸಿ ರೊಟ್ಟಿ ಚೂರು ಮಾಡಿ ಹೆಸರುಕಾಳಿನ ಪಲ್ಯದ ರಸದಲ್ಲಿ ಕಲಸಿ, ಮೇಲೆ ಒಂದು ಚಮಚ ತುಪ್ಪ ಹಾಕಿ ಕೊಡು. ಖಾರ ಹಾಕೋ ಮುಂಚೆ ಅವನದ್ದು ಬೇರೆ ತೆಗೆದಿಡು. ರಾತ್ರಿ ಎಂಟು ಹತ್ತು ಒಣದ್ರಾಕ್ಷಿ ನೆನೆಹಾಕಿ ಬೆಳಗ್ಗೆ ಕಿವುಚಿ ಆ ನೀರಿನ ಸಮೇತ ಕೊಡು. ಪಪ್ಪಾಯಿ, ಮಾಗಿದ ಬಾಳೆಹಣ್ಣು. ಪೇರಲ ಕೊಟ್ಟರೆ ಮೆತ್ತಗೆ ಮಾಡಿ ಕೊಡು, ಬೀಜ ನುಂಗಿ ಹೆದರಿಯಾನು.

ನೈಟ್_ಡ್ಯೂಟಿ

ಕಾಕು ಹೇಳಿದ ಊಟ ಸರಿ ಇದೆ. ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ, ಬಾಟಲಿ ಬಿಟ್ಟು ಲೋಟಕ್ಕೆ ಬನ್ನಿ. ನೀರು ಜಾಸ್ತಿ. ಆದರೆ ಈಗಾಗಲೇ ಕೂಡಿಕೊಂಡಿರೋದನ್ನ ಊಟ ಒಂದೇ ಸರಿ ಮಾಡಲ್ಲ, ಔಷಧಿ ಬೇಕು.

ಮಾಳಮಡ್ಡಿ_ಅಪ್ಪ

ಧಾರವಾಡದಿಂದ, ಅವಳಿ ಮಕ್ಕಳ ಅಪ್ಪ. ಅಪ್ಪಂದಿರು ಇಂಥಲ್ಲಿ ಬರೆಯೋದು ಕಡಿಮೆ, ಆದರೆ ನಮ್ಮ ಮನೆಯಲ್ಲಿ ಈ ಖಾತೆ ನನ್ನದೇ ಆಗಿತ್ತು. ನಾವು ಬುದ್ಧಿ ಇಲ್ಲದೆ ಹೋದ ವರ್ಷ ಜುಲೈನಲ್ಲಿ ಶುರು ಮಾಡಿದೆವು. ಧಾರವಾಡದ ಮಳೆ ನಿಮಗೆ ಗೊತ್ತಲ್ಲ. ದಿನಕ್ಕೆ ಹದಿನಾರು ಚಡ್ಡಿ, ಒಂದೂ ಒಣಗಲ್ಲ, ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ, ಫ್ಯಾನ್ ಹಾಕಿ, ಕೊನೆಗೆ ಇಸ್ತ್ರಿ ಪೆಟ್ಟಿಗೆಯಿಂದ ಚಡ್ಡಿ ಒಣಗಿಸಿದ ಮನುಷ್ಯ ನಾನು. ನಳದ ನೀರು ಬೇರೆ ನಮ್ಮ ಓಣಿಗೆ ವಾರಕ್ಕೊಮ್ಮೆ. ಒಂದು ಕೌದಿ ತೊಳೆದರೆ ಅರ್ಧ ಬ್ಯಾರೆಲ್ ಖಾಲಿ. ಹಾಗಾಗಿ ನೀವು ಬೇಸಿಗೆಯಲ್ಲಿ ಶುರು ಮಾಡಿದ್ದು ಜಾಣತನ ಅಕ್ಕಾ.

ಪೇಢೆ ಕಥೆ ಹೇಳ್ತೀನಿ. ಕೂತು ಮಾಡಿದರೆ ಒಂದು ಚೂರು ಧಾರವಾಡ ಪೇಢೆ ಅಂತ ಆಸೆ ಹಚ್ಚಿದೆ. ಮೂರನೇ ದಿನಕ್ಕೆ ದೊಡ್ಡವಳಿಗೆ (ಎರಡು ನಿಮಿಷ ದೊಡ್ಡವಳು) ಲೆಕ್ಕ ಸಿಕ್ಕಿತು. ಒಂದೇ ಸಲಕ್ಕೆ ಹೋಗೋದನ್ನ ನಾಲ್ಕು ಕಂತು ಮಾಡಿದಳು. ನಾಲ್ಕು ಹನಿ, ಪೇಢೆ. ನಾಲ್ಕು ಹನಿ, ಪೇಢೆ. ಅವಳ ತಮ್ಮ ಏನೂ ಮಾಡದೆ ಕೂತು "ಬಂತು ಬಂತು" ಅಂತ ಕೈ ಚಾಚುತ್ತಿದ್ದ. ಅರ್ಧ ಕಿಲೋ ಪೇಢೆ ಮುಗಿದ ಮೇಲೆ ಲಂಚ ಬಂದ್ ಮಾಡಿದೆ.

ನಿಜವಾಗಿ ಕೆಲಸ ಮಾಡಿದ್ದು ಎರಡು ಸಂಗತಿ. ಒಂದು, ಊಟವಾದ ಮೇಲೆ ಕೂಡ್ರಿಸೋದು. ಹೊಟ್ಟೆಗೆ ಊಟ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ, ಅದು ದೇಹದ ಸಹಜ ರೀತಿ. ಬೆಳಗಿನ ತಿಂಡಿಯಾಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಐದೇ ನಿಮಿಷ ಕೂಡ್ರಿಸಿ, ಬಂದರೂ ಸರಿ ಬರದಿದ್ದರೂ ಸರಿ ಎಬ್ಬಿಸಿ. ಅರ್ಧ ಗಂಟೆ ಯಾರಿಗೂ ಬೇಡ. ಎರಡನೆಯದು ಕಾಲು. ನಮ್ಮಲ್ಲಿ ಕಮೋಡ್, ಮೇಲೆ ಮಕ್ಕಳ ಸೀಟು. ಕೂತರೆ ಕಾಲು ನೇತಾಡುತ್ತಿತ್ತು. ನೀವೇ ಎತ್ತರದ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕೂತು ಮುಕ್ಕಿ ನೋಡಿ, ಆಗಲ್ಲ. ಪಾದದ ಕೆಳಗೆ ದೇವರಮನೆಯ ಹಳೇ ಮಣೆ ಇಟ್ಟೆ, ಮೊಳಕಾಲು ಸೊಂಟಕ್ಕಿಂತ ಮೇಲೆ ಬಂತು. ಕುಕ್ಕರಗಾಲಲ್ಲಿ ಕೂತ ಹಾಗಾದಾಗ ಒಳಗಿನ ದಾರಿ ನೆಟ್ಟಗಾಗುತ್ತದೆ. (ಹೊಸ ಮಣೆ ತಂದುಕೊಟ್ಟ ಮೇಲೆಯೇ ಅಮ್ಮ ನನ್ನ ಜೊತೆ ಮಾತಾಡಿದ್ದು.)

ವಯಸ್ಸಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬ್ರೇಜಲ್ಟನ್ ಅಂತ ಅಮೆರಿಕದ ಮಕ್ಕಳ ಡಾಕ್ಟರ್ ಒಬ್ಬರು 1962ರಲ್ಲೇ 1170 ಮಕ್ಕಳ ದಾಖಲೆ ಇಟ್ಟುಕೊಂಡು ಬರೆದಿದ್ದರು, ಮಗು ತಯಾರಾದ ಲಕ್ಷಣ ನೋಡಿ ಶುರು ಮಾಡಿ, ಬೇಡ ಅಂದರೆ ನಿಲ್ಲಿಸಿ, ಕೆಲವು ವಾರ ಬಿಟ್ಟು ಮತ್ತೆ ನೋಡಿ ಅಂತ. ಎರಡು ಗಂಟೆ ಒಣಗಿ ಇರೋದು, ಚಡ್ಡಿ ಎಳೆದುಕೊಳ್ಳೋದು, ಬಂದಿದೆ ಅಂತ ಹೇಳೋದು, ಇವೆಲ್ಲ ನಿಮ್ಮ ಮಗನಲ್ಲಿ ಇವೆ. ಬಚ್ಚಿಟ್ಟುಕೊಂಡು ಮಾಡೋದು ಕೂಡ ಒಂದು ಲಕ್ಷಣವೇ, ಬರುತ್ತಿದೆ ಅಂತ ಅವನಿಗೆ ಗೊತ್ತಿದೆ ಅಂತಾಯಿತಲ್ಲ.

ರಾಣೆಬೆನ್ನೂರ_ತಂಗಿ

ಅಕ್ಕಾ, ಇದು ನಮ್ಮ ಮನೆ ಕಥೆಯೇ, ತಿಜೋರಿ ಬದಲು ಕದದ ಹಿಂದೆ ಅಷ್ಟೇ! ನಮ್ಮ ಡಾಕ್ಟರು ಹೇಳಿಕೊಟ್ಟ ಉಪಾಯ ಬರೆಯುತ್ತೇನೆ, ಮಲ ಮೆತ್ತಗಾದ ಮೇಲೆ ಮಾತ್ರ ಮಾಡಿ. ಡೈಪರ್ ಕಿತ್ತುಕೊಳ್ಳಬೇಡಿ, ಜಾಗ ಮಾತ್ರ ಬದಲಾಯಿಸುತ್ತಾ ಹೋಗಿ. ನಾವು ಮೊದಲು ಡೈಪರ್ ಹಾಕಿಕೊಂಡೇ ಬಚ್ಚಲ ಬಾಗಿಲ ಹತ್ತಿರ ನಿಲ್ಲು ಅಂದೆವು. ನಾಲ್ಕೈದು ದಿನ ಬಿಟ್ಟು ಬಚ್ಚಲ ಒಳಗೆ. ಆಮೇಲೆ ಡೈಪರ್ ಸಮೇತ ಪಾಟಿ ಮೇಲೆ ಕೂತು. ಇಲ್ಲಿಗೆ ಬರೋಕೇ ಎರಡು ವಾರ ಆಯಿತು. ಆಮೇಲೆ ಅವಳ ಮುಂದೆಯೇ ಕತ್ತರಿಯಿಂದ ಡೈಪರ್‌ಗೆ ಒಂದು ರಂಧ್ರ ಮಾಡಿದೆ, ಒಂದು ರೂಪಾಯಿ ನಾಣ್ಯದಷ್ಟು. ಒಳಗಿನ ಜೆಲ್ ಉದುರುತ್ತದೆ, ಅಂಚಿಗೆ ಟೇಪ್ ಹಚ್ಚಿ. ದಿನಾ ಸ್ವಲ್ಪ ಸ್ವಲ್ಪ ದೊಡ್ಡದು ಮಾಡಿದೆ. ಕೊನೆಗೆ ಅವಳ ಸೊಂಟದಲ್ಲಿ ಇದ್ದದ್ದು ಬರೀ ಪಟ್ಟಿ. ಒಂದು ದಿನ ಅದೂ ಬೇಡ ಅಂದಳು. ನೋಡಿದವರು ನಕ್ಕರು, ನಮ್ಮ ವೈನಿ ಅಂತೂ "ಇದೇನು ಉಡದಾರನಾ" ಅಂತ ಕೇಳಿದರು, ಇರಲಿ.

ಅಂಗನವಾಡಿ_ಟೀಚರ್

ಶಿರಹಟ್ಟಿ ಕಡೆಯ ಒಂದು ಹಳ್ಳಿಯಿಂದ. ನಮ್ಮಲ್ಲಿಗೆ 3ರಿಂದ 6 ವರ್ಷದ ಮಕ್ಕಳು ಬರುತ್ತಾರೆ. ಮೂರು ತುಂಬಿದ ಮಕ್ಕಳೆಲ್ಲ ಪೂರ್ತಿ ಕಲಿತು ಬಂದಿರುತ್ತಾರೆ ಅಂದುಕೊಳ್ಳಬೇಡಿ. ಚೀಲದಲ್ಲಿ ಎರಡು ಜೊತೆ ಚಡ್ಡಿ ಇಟ್ಟು ಕಳಿಸಿ ಅನ್ನುತ್ತೇನೆ. ನಮ್ಮ ಶೌಚಾಲಯ ನೆಲಮಟ್ಟದ್ದು. ಸಣ್ಣವರಿಗೆ ಆ ರಂಧ್ರ ಬಾವಿ ಥರ ಕಾಣುತ್ತದೆ, ಜಾರಿ ಬೀಳ್ತೀನಿ ಅಂತ ಹೆದರಿಕೆ. ಮೊದಲು ಹಳೇ ಪೇಪರ್ ಹಾಸಿ ಅದರ ಮೇಲೆ ಕೂಡ್ರಿಸಿ, ಆಮೇಲೆ ನಾನು ಕೈ ಹಿಡಿದುಕೊಂಡು ಎದುರಿಗೆ ನಿಲ್ಲುತ್ತೇನೆ. ಅದಕ್ಕಿಂತ ದೊಡ್ಡ ಗುರು ಅಂದರೆ ಬೇರೆ ಮಕ್ಕಳು. ನಾಲ್ಕು ವರ್ಷದವನು ತಂಬಿಗೆ ಹಿಡಿದು ಠೀವಿಯಿಂದ ಹೋಗೋದನ್ನ ನೋಡಿ ಮೂರು ವರ್ಷದವನು ಹಿಂದೆ ಓಡುತ್ತಾನೆ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು, ತೊಳೆಯುವಾಗ ಮುಂದಿನಿಂದ ಹಿಂದಕ್ಕೆ. ತಿರುಗಾ ಮುರುಗಾ ಮಾಡಿದರೆ ಮೂತ್ರದ ಸೋಂಕು ಬರುತ್ತದೆ. ಇನ್ನು ಪ್ಲೇಹೋಮ್‌ನವರ ಜೊತೆ ನೇರ ಮಾತಾಡಿ, ಔಷಧಿ ನಡೆದಿದೆ ಅಂತ ಹೇಳಿ. ಒಪ್ಪದಿದ್ದರೆ ಆರು ತಿಂಗಳು ತಡವಾಗಿ ಸೇರಲಿ, ಆ ಪದ್ಯಗಳು ಎಲ್ಲಿಗೂ ಓಡಿ ಹೋಗಲ್ಲ.

ಉಣಕಲ್_ಅವ್ವ · ಮೇ, ಎರಡನೇ ವಾರ

ಒಂದು ತಿಂಗಳಾಯಿತು, ವರದಿ ಒಪ್ಪಿಸುತ್ತೇನೆ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ನನ್ನ ಕೈ ಹಿಡಿದು ಎಡಗಡೆ ಕೆಳಗೆ ಇಡಿಸಿದರು. ಗಟ್ಟಿ ಗಟ್ಟಿ ಸಿಕ್ಕಿತು, ಹುಣಸೆಹಣ್ಣಿನ ಉಂಡೆ ಥರ. ಅಷ್ಟೆಲ್ಲ ಒಳಗೆ ಇಟ್ಟುಕೊಂಡು ನನ್ನ ಮಗ ಆಡಿಕೊಂಡಿದ್ದ, ನಾನು ಅವನಿಗೆ ಹೊಡೆದಿದ್ದೆ.

ಪುಡಿ ಕೊಟ್ಟರು, ನೀರಲ್ಲಿ ಕಲಸಿ ಕೊಡೋದು. ಮೊದಲ ನಾಲ್ಕು ದಿನ ಏನೇನಾಯಿತು ಅಂತ ಬರೆಯಲ್ಲ, ನೀವು ಊಟ ಮಾಡುತ್ತಾ ಓದುತ್ತಿರಬಹುದು. ಅದಾದ ಮೇಲೆ ದಿನಕ್ಕೊಮ್ಮೆ, ಮೆತ್ತಗೆ. ಹಾಲು ಎರಡು ಲೋಟಕ್ಕೆ ಇಳಿಯಿತು. ಬಿಸ್ಕತ್ತಿನ ಡಬ್ಬಿ ಅಡಗಿಸಿದ್ದಕ್ಕೆ ನಮ್ಮ ಮಾವನವರಿಗೇ ಜಾಸ್ತಿ ಬೇಜಾರು. ಹೆಸರುಕಾಳಿನ ರಸದಲ್ಲಿ ಕಲಸಿದ ರೊಟ್ಟಿ ಈಗ ತಿನ್ನುತ್ತಾನೆ ಕಾಕೂ.

ಆದರೆ ಇನ್ನೂ ಡೈಪರ್ ಬೇಕು, ಇನ್ನೂ ತಿಜೋರಿ ಹಿಂದೆಯೇ. ನೋವಿಲ್ಲ ಅಂತ ಅವನಿಗೆ ಯಾಕೆ ತಿಳಿಯುತ್ತಿಲ್ಲ?

ನೈಟ್_ಡ್ಯೂಟಿ

ಮೂರು ತಿಂಗಳು ಹೆದರಿದ್ದಾನೆ, ಒಂದು ತಿಂಗಳಲ್ಲಿ ಮರೆಯಲಿ ಅಂದರೆ ಹೇಗೆ ಅಕ್ಕಾ. ನಿಮಗೆ ಒಂದು ಸಲ ಗ್ಯಾಸಿನ ಒಲೆ ಭಗ್ ಅಂದರೆ ಎಷ್ಟು ದಿನ ದೂರ ನಿಂತು ಹಚ್ಚುತ್ತೀರಿ? ಪುಡಿ ಬಿಡಬೇಡಿ. ಈಗ ರಾಣೆಬೆನ್ನೂರ ತಂಗಿಯ ಉಪಾಯ ಶುರು ಮಾಡಬಹುದು.

ಬ್ಯಾಡಗಿ_ಖಾರ · ಅದೇ ವಾರ, ರಾತ್ರಿ 1 ಗಂಟೆ

ಇಲ್ಲಿ ಕೇಳೋದೋ ಬೇಡವೋ ಅಂತ ಎರಡು ವಾರದಿಂದ ಯೋಚನೆ ಮಾಡುತ್ತಿದ್ದೆ. ಮೂರು ದಿನದಲ್ಲಿ ಮುಗಿಸಿದೆ ಅಂದೆನಲ್ಲ, ಅದು ಹಗಲಿನ ಮಾತು. ಮಗಳಿಗೆ ಈಗ 5 ವರ್ಷ. ರಾತ್ರಿ ಇವತ್ತಿಗೂ ಹಾಸಿಗೆ ಒದ್ದೆ. ಊರಿಗೆ ಹೋದರೆ ಪ್ಲಾಸ್ಟಿಕ್ ಹಾಳೆ ಒಯ್ಯುತ್ತೇನೆ, ಯಾರಿಗೂ ಹೇಳಿಲ್ಲ. ಬೈದೂ ನೋಡಿದೆ, ಸಂಜೆ ಆರರ ಮೇಲೆ ನೀರು ನಿಲ್ಲಿಸಿಯೂ ನೋಡಿದೆ. ಈಗ ಕೌದಿ ಬದಲಿಸಿ ಕೂತಿದ್ದೇನೆ.

ನೈಟ್_ಡ್ಯೂಟಿ

ಡ್ಯೂಟಿಯಲ್ಲೇ ಇದ್ದೇನೆ, ಓದಿದೆ. ಬೈಯಬೇಡಿ, ಅವಳು ನಿದ್ದೆಯಲ್ಲಿ ಬೇಕಂತ ಮಾಡುತ್ತಿಲ್ಲ. ಹಗಲಿನದ್ದು ಕಲಿಕೆ, ರಾತ್ರಿಯದ್ದು ದೇಹ ಬಲಿಯೋ ವಿಷಯ. 5 ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ಇನ್ನೂ ರಾತ್ರಿ ಒದ್ದೆ ಮಾಡುತ್ತಾರೆ. 5ಕ್ಕೆ ಮುಂಚೆ ಅದನ್ನು ಕಾಯಿಲೆ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಅಪ್ಪನೋ ಅಮ್ಮನೋ ಚಿಕ್ಕವರಿದ್ದಾಗ ಹೀಗಿದ್ದರೆ ಮಕ್ಕಳಿಗೂ ಬರೋದು ಜಾಸ್ತಿ, ನಿಮ್ಮ ಅತ್ತಿಯವರನ್ನು ಮೆಲ್ಲಗೆ ಕೇಳಿ ನೋಡಿ. ಹಗಲೆಲ್ಲ ನೀರು ಚೆನ್ನಾಗಿ ಕೊಟ್ಟು ಮಲಗೋ ಮುಂಚೆ ಮಾತ್ರ ಕಡಿಮೆ ಮಾಡಿ, ಮಲಗುವಾಗ ಒಮ್ಮೆ ಹೋಗಿ ಬರಲಿ. ಆರು ತಿಂಗಳು ಒಣಗಿ ಇದ್ದವಳು ಮತ್ತೆ ಶುರು ಮಾಡಿದರೆ, ಉರಿ ಅಥವಾ ಜ್ವರ ಇದ್ದರೆ, ವಿಪರೀತ ಬಾಯಾರಿಕೆ ಆಗಿ ಪದೇ ಪದೇ ಹೋಗುತ್ತಿದ್ದರೆ ಮೂತ್ರ, ಸಕ್ಕರೆ ಪರೀಕ್ಷೆ ಮಾಡಿಸಬೇಕು. ಇಲ್ಲದಿದ್ದರೂ 5 ಆಗಿದೆಯಲ್ಲ, ಒಮ್ಮೆ ಡಾಕ್ಟರ ಹತ್ತಿರ ಮಾತಾಡಿ.

ಬ್ಯಾಡಗಿ_ಖಾರ

ಅತ್ತಿಯವರನ್ನು ಕೇಳಿದೆ. ನಮ್ಮನೆಯವರು ಎರಡನೇ ಕ್ಲಾಸಿನವರೆಗೂ ಹಾಸಿಗೆ ಒದ್ದೆ ಮಾಡುತ್ತಿದ್ದರಂತೆ! ಆರು ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ, ಈ ಮನುಷ್ಯ ಒಂದು ಮಾತು ಹೇಳಿಲ್ಲ. ಮಗಳಿಗೆ ಹೇಳಿದೆ, "ನಿಮ್ಮ ಅಪ್ಪನೂ ಹಂಗ ಮಾಡ್ತಿದ್ದ" ಅಂತ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನರ್ಸಕ್ಕಾ, ಥ್ಯಾಂಕ್ಸ್. ಡಾಕ್ಟರ್ ಬಗ್ಗೆ ಅಂದದ್ದನ್ನೂ ವಾಪಸ್ ತಗೊಂಡೆ.

ಉಣಕಲ್_ಅವ್ವ · ಜುಲೈ

ತಡವಾಗಿ ಬರೆಯುತ್ತಿದ್ದೇನೆ. ಬಾಗಿಲ ಹತ್ತಿರ ಒಂದು ವಾರ, ಬಚ್ಚಲಲ್ಲಿ ಒಂದು ವಾರ, ಪಾಟಿ ಮೇಲೆ ಡೈಪರ್ ಸಮೇತ ಕೂಡ್ರೋ ಹೊತ್ತಿಗೆ ಜೂನ್ ಬಂತು. ನಡುವೆ ಗದಗಿನಲ್ಲಿ ಮದುವೆ, ಕಲ್ಯಾಣ ಮಂಟಪದ ಸಂಡಾಸ ನೋಡಿ ಮತ್ತೆ ಮೂರು ದಿನ ತಡೆದ, ಪುಡಿ ಡಬ್ಬಿ ಬೇರೆ ಹುಬ್ಬಳ್ಳಿಯಲ್ಲೇ ಮರೆತಿದ್ದೆ. ವಾಪಸ್ ಬಂದು ಮತ್ತೆ ಬಾಗಿಲ ಹತ್ತಿರದಿಂದ ಶುರು. ಕತ್ತರಿ ಹಾಕುವಾಗ "ನನ್ನ ಡೈಪರ್‌ಗೆ ನೋವಾಗ್ತದ" ಅಂತ ಅತ್ತ, ಅದಕ್ಕೇ ರಂಧ್ರ ಬಿಟ್ಟು, ಡೈಪರ್ ಬಿಚ್ಚಿ ಪಾಟಿಯೊಳಗೆ ಹಾಸಿದೆ. ಅದು ಒಪ್ಪಿಗೆಯಾಯಿತು. ಕಾಲ ಕೆಳಗೆ ಮಣೆ ಇಟ್ಟಿದ್ದೇನೆ, ದೇವರಮನೆಯದ್ದಲ್ಲ.

ಹೋದ ಗುರುವಾರ ಬೆಳಗ್ಗೆ ಉಪ್ಪಿಟ್ಟು ತಿಂದು ತಾನೇ ಎದ್ದು ಹೋದ. ನಾನು ಹಿಂದೆ ಹೋದರೆ "ನೀ ಹೊರಗ ಹೋಗು" ಅಂದ. ಬಾಗಿಲ ಸಂದಿಯಲ್ಲಿ ನೋಡಿದೆ. ಡೈಪರ್ ಹಾಸಿಲ್ಲ. ಬಸ್ಸುಗಳನ್ನೆಲ್ಲ ಒಂದೊಂದಾಗಿ ಕೆಳಗೆ ಇಳಿಸಿ ಸಾಲಾಗಿ ನಿಲ್ಲಿಸಿ, ಚಡ್ಡಿ ಪೂರ್ತಿ ತೆಗೆದು, ಪಾಟಿಯ ಎರಡೂ ಕಡೆ ಗಟ್ಟಿಯಾಗಿ ಹಿಡಿದು ಕೂತಿದ್ದ. ಆಮೇಲೆ "ಅವ್ವಾ, ಆಯ್ತು" ಅಂತ ಕೂಗಿದ. ಸುರಿಯೋ ಮುಂಚೆ ಅದಕ್ಕೆ ಟಾಟಾ ಮಾಡಬೇಕಂತೆ, ಅತ್ತಿಯವರನ್ನೂ ಕರೆದ, ಅವರೂ ಟಾಟಾ ಮಾಡಿದರು. ಇವತ್ತಿಗೆ ಏಳನೇ ದಿನ. ಪುಡಿ ಇನ್ನೂ ನಡೆದಿದೆ. ಪ್ಲೇಹೋಮ್ ದಸರಾ ಕಳೆದ ಮೇಲೆ.

ದೊಡ್ಡ ಸೈಜಿನ ಡೈಪರ್ ಒಂದು ಪ್ಯಾಕೆಟ್ ಒಡೆಯದೇ ಉಳಿದಿದೆ, ಹುಬ್ಬಳ್ಳಿಯಲ್ಲಿ ಯಾರಿಗಾದರೂ ಬೇಕಾ?

ಗದಗಿನ_ಕಾಕು

ಕೊಡಬೇಡ, ಇಟ್ಟುಕೋ. ಮುಂದಿನ ವಾರ ಮಳೆ ಜೋರಾಗುತ್ತದಂತೆ, ರಾತ್ರಿಗೆ ಬೇಕಾಗುತ್ತವೆ. ಮತ್ತೆ ಮದುವೆಗೆ ಗದಗಿಗೆ ಬಂದು ಹೋದೆ ಅಂದೆಯಲ್ಲ, ಕಾಕು ಮನೆ ನೆನಪಾಗಲಿಲ್ಲೇನು ತಂಗಿ? ನಮ್ಮ ಹಿತ್ತಲಲ್ಲೇ ಕೂಡ್ರಿಸುತ್ತಿದ್ದೆ.